ಮೊಟ್ಟೆಯ ಹಳದಿ ನೋಡಿ ಕೋಳಿಯನ್ನು ಅಳೆಯಬೇಡಿ

ಸಂಪಾದಕರಿಗೆ ನಮಸ್ಕಾರ,

ನಾನು ಮನೆ ಹಿಂದೆ ಒಂದಷ್ಟು ಕೋಳಿ ಸಾಕಿದ್ದೇನೆ. ನಮಗೆ ಸಾಕಾಗಿ ಮಿಕ್ಕ ಮೊಟ್ಟೆಗಳನ್ನು ಪರಿಚಯದವರಿಗೆ ಕೊಡುತ್ತೇನೆ. ಇತ್ತೀಚೆಗೆ ಬೇಲಿ ಮುರಿದು ಮೂರು ವಾರ ಕೋಳಿಗಳನ್ನು ಹೊರಗೆ ಮೇಯಲು ಬಿಡಲಾಗಲಿಲ್ಲ. ಒಳಗೇ ಇಟ್ಟು, ಗೋಧಿ ಜಾಸ್ತಿ ಇರುವ ಫೀಡ್ ಹಾಕಿದೆ. ಎರಡನೇ ವಾರಕ್ಕೆ ಒಬ್ಬರು ಫೋನ್ ಮಾಡಿ, "ಹಳದಿ ಎಷ್ಟು ಬಿಳಿಚಿಕೊಂಡಿದೆ, ಇದು ನಿಮ್ಮ ಕೋಳಿಯದ್ದೇನಾ, ಇಲ್ಲಾ ಬೇರೆ ಕಡೆಯಿಂದ ತಂದು ಕೊಟ್ರಾ?" ಎಂದು ಕೇಳಿದರು. ಅವೇ ಕೋಳಿಗಳು, ನೀರು ಹಾಕುವವಳೂ ನಾನೇ. ಬದಲಾಗಿದ್ದು ತಿಂದ ಕಾಳು ಮಾತ್ರ. ತುಂಬಾ ಬೇಜಾರಾಯಿತು. ಅವರೊಬ್ಬರೇ ಅಲ್ಲ, ಹಳದಿ ಕಡುವಾಗಿದ್ದರೆ ಒಳ್ಳೆ ಮೊಟ್ಟೆ, ತೆಳುವಾಗಿದ್ದರೆ ಕಳಪೆ ಎಂದು ನಂಬಿದವರು ಬಹಳ ಜನ ಇದ್ದಾರೆ. ಅದಕ್ಕೇ ಈ ಪತ್ರ.

ಹಳದಿಗೆ ಆ ಬಣ್ಣ ಕೊಡುವುದು ಕೆರೊಟಿನಾಯ್ಡ್‌ಗಳು ಎಂಬ ಬಣ್ಣದ ಅಂಶಗಳು, ಅದರಲ್ಲೂ ಲ್ಯೂಟಿನ್ ಮತ್ತು ಜಿಯಾಕ್ಸಾಂತಿನ್. ಇವನ್ನು ಕೋಳಿ ತನ್ನ ಮೈಯಲ್ಲಿ ತಯಾರಿಸಲಾರದು. ತಿಂದಿದ್ದರಲ್ಲಿ ಇದ್ದರೆ ಹಳದಿಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ, ಅಷ್ಟೇ. ಹಳದಿ ಮೆಕ್ಕೆಜೋಳ, ಹಸಿರು ಸೊಪ್ಪು, ಹುಲ್ಲು ತಿಂದರೆ ಬಣ್ಣ ಏರುತ್ತದೆ. ಗೋಧಿ, ಅಕ್ಕಿ ನುಚ್ಚು, ಬಿಳಿ ಮೆಕ್ಕೆಜೋಳ ತಿಂದರೆ ಇಳಿಯುತ್ತದೆ. ಒಂದು ಮೊಟ್ಟೆಯ ಹಳದಿ ಬಹುಪಾಲು ಬೆಳೆಯುವುದು ಮೊಟ್ಟೆ ಇಡುವ ಮುಂಚಿನ ಸುಮಾರು 10 ದಿನಗಳಲ್ಲಿ. ಫೀಡ್ ಬದಲಿಸಿದ ಕೆಲವೇ ದಿನಗಳಲ್ಲಿ ಬಣ್ಣ ಬದಲಾಗತೊಡಗುವುದು ಅದಕ್ಕೇ.

ಮೊಟ್ಟೆ ಕೊಳ್ಳುವವರು ಮುಖ್ಯವಾಗಿ ತಿಳಿಯಬೇಕಾದ ಮಾತು ಇನ್ನೊಂದಿದೆ. ಕಡು ಬಣ್ಣವನ್ನು ಫೀಡ್ ಮೂಲಕವೇ ತರಿಸಬಹುದು. ಒಣಗಿಸಿದ ಚೆಂಡು ಹೂವಿನ ಸಾರ ಬೆರೆಸಿದರೆ ಚಿನ್ನದ ಹಳದಿ, ಕೆಂಪು ಮೆಣಸಿನಕಾಯಿಯ ಸಾರ ಸೇರಿಸಿದರೆ ಕಿತ್ತಳೆ. ಕ್ಯಾಂಥಾಕ್ಸಾಂತಿನ್‌ನಂಥ ಕಾರ್ಖಾನೆಯಲ್ಲಿ ತಯಾರಾದ ಬಣ್ಣಗಳೂ ಬಳಕೆಯಲ್ಲಿವೆ. ಬಣ್ಣ ಅಳೆಯಲು ಬೀಸಣಿಗೆ ಹಾಗೆ ಬಿಚ್ಚುವ ಒಂದು ಪಟ್ಟಿಯೇ ಇದೆ, ತೆಳು ಹಳದಿಯಿಂದ ಕಡು ಕಿತ್ತಳೆವರೆಗೆ ಸಾಲಾಗಿ ಅಂಕಿ ಹಾಕಿರುತ್ತಾರೆ. ಗಿರಾಕಿಗಳಿಗೆ ಯಾವ ಅಂಕಿ ಇಷ್ಟವೋ ಆ ಅಂಕಿಗೆ ಹೊಂದುವಂತೆ ಫೀಡ್ ಬೆರೆಸುತ್ತಾರೆ. ಚೆಂಡು ಹೂವಿನಿಂದ ಯಾರಿಗೂ ಕೆಡುಕಿಲ್ಲ, ಅದರ ಮೇಲೆ ನನ್ನ ತಕರಾರೂ ಇಲ್ಲ. ಆದರೆ ಹುಲ್ಲಿನ ಮುಖವನ್ನೇ ಕಾಣದೆ ಪಂಜರದಲ್ಲಿ ನಿಂತ ಕೋಳಿಯೂ ಕಿತ್ತಳೆ ಹಳದಿಯ ಮೊಟ್ಟೆ ಇಡಬಲ್ಲದು. ಬಯಲಲ್ಲಿ ಓಡಾಡಿಕೊಂಡು, ಬೇಸಿಗೆಯಲ್ಲಿ ಹಸಿರು ಸಿಗದೆ ಬರೀ ಕಾಳು ತಿಂದ ಕೋಳಿ ತೆಳು ಹಳದಿಯ ಮೊಟ್ಟೆ ಇಡುತ್ತದೆ. ಹೀಗಿರುವಾಗ ಬಣ್ಣ ನೋಡಿ ಕೋಳಿಯ ಬದುಕನ್ನು ಊಹಿಸುವುದು ಹೇಗೆ?

ಸತ್ವದ ವಿಷಯಕ್ಕೆ ಬಂದರೆ, ಪ್ರೋಟೀನ್ ಪ್ರಮಾಣ ಬಣ್ಣದಿಂದ ಹೆಚ್ಚುಕಮ್ಮಿ ಆಗುವುದಿಲ್ಲ. ದೊಡ್ಡ ಮೊಟ್ಟೆಯೊಂದರಲ್ಲಿ ಹಳದಿ ಹೇಗಿದ್ದರೂ ಸುಮಾರು 6 ಗ್ರಾಂ ಇರುತ್ತದೆ. ವಿಟಮಿನ್ ಎ ಜಾಸ್ತಿ ಇದ್ದರೆ ಹಳದಿ ಕಡುವಾಗುತ್ತದೆ ಎನ್ನುತ್ತಾರೆ, ಅದೂ ತಪ್ಪು, ಆ ವಿಟಮಿನ್‌ಗೆ ಹೇಳಿಕೊಳ್ಳುವಂಥ ಬಣ್ಣವೇ ಇಲ್ಲ. ಬಿಸಿಲಲ್ಲಿ ತಿರುಗುವ ಕೋಳಿಯ ಮೊಟ್ಟೆಯಲ್ಲಿ ವಿಟಮಿನ್ ಡಿ ಹೆಚ್ಚಿರುತ್ತದೆ, ಅಗಸೆ ಬೀಜ ತಿಂದ ಕೋಳಿಯದರಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಹೆಚ್ಚಿರುತ್ತದೆ. ಇವೆರಡೂ ನಿಜವಾದ ಲಾಭಗಳೇ, ಆದರೆ ಕಣ್ಣಿಗೆ ಕಾಣುವುದಿಲ್ಲ. ಒಂದು ಮಾತು ಮಾತ್ರ ಒಪ್ಪುತ್ತೇನೆ. ಸೊಪ್ಪಿನಿಂದ ಬಂದ ಬಣ್ಣವಾದರೆ ಲ್ಯೂಟಿನ್ ಜಾಸ್ತಿ ಇರುತ್ತದೆ, ಅದು ಕಣ್ಣಿಗೆ ಬೇಕಾದ ವಸ್ತು, ಹಳದಿಯಲ್ಲಿ ಕೊಬ್ಬು ಇರುವುದರಿಂದ ನಮ್ಮ ಮೈಗೆ ಚೆನ್ನಾಗಿ ಹಿಡಿಸುತ್ತದೆ.

ಹಾಗಂತ ಬಣ್ಣವನ್ನು ಗಮನಿಸಲೇಬಾರದು ಅಂತಲ್ಲ. ಗಮನಿಸಬೇಕಾದವರು ಸಾಕುವವರು. ಫೀಡ್ ಬದಲಿಸದೆಯೇ ಹಳದಿ ಇದ್ದಕ್ಕಿದ್ದಂತೆ ತೆಳುವಾದರೆ ನಾನು ಎಚ್ಚರವಾಗುತ್ತೇನೆ. ಹೊಟ್ಟೆಯಲ್ಲಿ ಹುಳು ಇರಬಹುದು, ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದು, ಫೀಡ್ ಹಳೆಯದಾಗಿ ಬಣ್ಣದ ಅಂಶ ಕಳೆದುಕೊಂಡಿರಬಹುದು, ಬೂಷ್ಟು ಹಿಡಿದಿರಬಹುದು. ಹತ್ತಿಕಾಳು ಹಿಂಡಿ ಜಾಸ್ತಿ ತಿಂದ ಕೋಳಿಯ ಮೊಟ್ಟೆ ಕೆಲವು ದಿನ ಇಟ್ಟರೆ ಹಳದಿ ಹಸಿರುಗಂದಾಗುವುದೂ ಉಂಟು. ಇನ್ನು ಹಳದಿ ಕಾಲಿನ ತಳಿಗಳಲ್ಲಿ ಒಂದು ಚಂದದ ಸಂಗತಿ ಇದೆ. ಮೊಟ್ಟೆ ಇಡುತ್ತಾ ಹೋದ ಹಾಗೆ ಕೊಕ್ಕಿನ, ಕಾಲಿನ ಬಣ್ಣ ಮಾಸುತ್ತಾ ಬರುತ್ತದೆ, ತಿಂದ ಬಣ್ಣವೆಲ್ಲ ಮೊಟ್ಟೆಯ ಹಳದಿಗೇ ಹೋಗುತ್ತದೆ. ಮೊಟ್ಟೆ ನಿಲ್ಲಿಸಿದಾಗ ಕಾಲು ಮತ್ತೆ ಹಳದಿಯಾಗುತ್ತದೆ. ಕಾಲು ಬಿಳಿಚಿದ ಕೋಳಿಯನ್ನು ಸೊರಗಿದೆ ಎಂದುಕೊಳ್ಳುತ್ತಾರೆ, ಎಷ್ಟೋ ಸಲ ಗುಂಪಿನಲ್ಲಿ ಹೆಚ್ಚು ಮೊಟ್ಟೆ ಇಡುತ್ತಿರುವುದು ಅದೇ!

ಕೊಳ್ಳುವವರು ನೋಡಬೇಕಾಗಿರುವುದು ಮೊಟ್ಟೆಯ ಬಿಳಿಯನ್ನು. ತಟ್ಟೆಗೆ ಒಡೆದು ಹಾಕಿ. ಬಿಳಿ ಹಳದಿಯ ಸುತ್ತ ದಪ್ಪಗೆ ಎತ್ತರವಾಗಿ ನಿಂತಿದ್ದರೆ, ಹಳದಿ ಗುಮ್ಮಟದ ಹಾಗೆ ಉಬ್ಬಿದ್ದರೆ ಮೊಟ್ಟೆ ತಾಜಾ. ಬಿಳಿ ನೀರಿನ ಹಾಗೆ ಹರಡಿ, ಹಳದಿ ಚಪ್ಪಟೆಯಾಗಿ ಮುಟ್ಟಿದರೆ ಒಡೆಯುವಂತಿದ್ದರೆ ಹಳೆಯದು. ಮೊಟ್ಟೆಯ ಗುಣಮಟ್ಟ ತಿಳಿಯಲು ರೇಮಂಡ್ ಹಾ ಎಂಬವರು 1937ರಲ್ಲಿ ಕೊಟ್ಟ ಅಳತೆಯಲ್ಲೂ ಲೆಕ್ಕಕ್ಕೆ ಬರುವುದು ಬಿಳಿಯ ಎತ್ತರ ಮತ್ತು ಮೊಟ್ಟೆಯ ತೂಕ, ಹಳದಿಯ ಬಣ್ಣ ಅಲ್ಲ. ಬಿಳಿ ಸ್ವಲ್ಪ ಮಬ್ಬಾಗಿದ್ದರೆ ಕೆಟ್ಟಿದೆ ಎಂದು ಚೆಲ್ಲಬೇಡಿ. ಹೊಸ ಮೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಇನ್ನೂ ಉಳಿದಿರುತ್ತದೆ, ಮಬ್ಬು ಅದರಿಂದಲೇ. ಬೇಯಿಸಿದಾಗ ಹಳದಿಯ ಸುತ್ತ ಕಾಣುವ ಹಸಿರು ಗೆರೆಗೂ ಕೋಳಿಗೂ ಸಂಬಂಧವಿಲ್ಲ. ಜಾಸ್ತಿ ಹೊತ್ತು ಬೇಯಿಸಿದಾಗ ಬಿಳಿಯಲ್ಲಿರುವ ಗಂಧಕ ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಆಗುವ ಗೆರೆ ಅದು.

ಮೊಟ್ಟೆ ಮಾರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮೊಟ್ಟೆ ಇಟ್ಟ ದಿನ ಬರೆಯಿರಿ. ಕೋಳಿ ಎಲ್ಲಿ ಇರುತ್ತದೆ, ಏನು ತಿನ್ನುತ್ತದೆ ಅನ್ನುವುದನ್ನೂ ಬರೆಯಿರಿ. ಪೆಟ್ಟಿಗೆಯ ಮೇಲೆ ಕಿತ್ತಳೆ ಹಳದಿಯ ಚಿತ್ರ ಹಾಕಿ, ಅದೇ ಒಳ್ಳೆಯ ಮೊಟ್ಟೆಯ ಗುರುತು ಅನ್ನುವ ಹಾಗೆ ತೋರಿಸಬೇಡಿ. ಕೊಳ್ಳುವವರೂ ಬಣ್ಣದ ಬದಲು ಈ ಪ್ರಶ್ನೆಗಳನ್ನೇ ಕೇಳಲಿ. ನನಗೆ ಫೋನ್ ಮಾಡಿದವರೂ "ಈಗ ಕೋಳಿಗೆ ಏನು ಹಾಕ್ತಿದ್ದೀರಿ?" ಎಂದು ಕೇಳಿದ್ದರೆ ಬೇಲಿ ಮುರಿದ ವಿಷಯ ಅವತ್ತೇ ಹೇಳುತ್ತಿದ್ದೆ.

ಇಂತಿ,
ಕೋಳಿ ಸಾಕುವ ಓದುಗಿ