ಮಕ್ಕಳ ತಾಳಮದ್ದಳೆಗೆ ಬರೆದುಕೊಟ್ಟ ಅರ್ಥ ಬೇಡ

ಮಾನ್ಯ ಸಂಪಾದಕರೇ,

ಶಾಲಾ ಮಕ್ಕಳಿಗೆ ಅಲ್ಲಲ್ಲಿ ತಾಳಮದ್ದಳೆ (ಕೂತು ಮಾತಿನಲ್ಲೇ ನಡೆಸೋ ಯಕ್ಷಗಾನ) ಸ್ಪರ್ಧೆ ಮಾಡ್ತಿರೋದು ತುಂಬಾ ಖುಷಿ ವಿಷಯ. ಆದ್ರೆ ಇತ್ತೀಚೆಗೆ ನಾನು ನೋಡಿದ ಒಂದು ಸ್ಪರ್ಧೆ ಬಗ್ಗೆ ಹೇಳ್ಲೇಬೇಕು ಅನ್ನಿಸ್ತು. ಪ್ರಸಂಗ ವಾಲಿವಧೆ, ಎಲ್ಲಾ ತಂಡದವ್ರೂ ಯಾರೋ ದೊಡ್ಡವರು ಬರೆದುಕೊಟ್ಟ ಅರ್ಥ, ಅಂದ್ರೆ ಪದ್ಯದ ಮೇಲೆ ಪಾತ್ರ ಆಡೋ ಮಾತು, ಬಾಯಿಪಾಠ ಮಾಡ್ಕೊಂಡು ಬಂದಿದ್ರು. ಒಂದು ತಂಡದ ವಾಲಿಗೆ ಮಧ್ಯದಲ್ಲಿ ಮಾತು ಮರೆತೇ ಹೋಯ್ತು, ಹುಡುಗ ಒಂದು ಕ್ಷಣ ತಡವರಿಸಿ ಆಮೇಲೆ ತನಗೆ ತೋಚಿದ್ದನ್ನೇ ರಾಮನಿಗೆ ಕೇಳ್ಬಿಟ್ಟ, "ನಾನ್ಯಾರು ಸುಗ್ರೀವ ಯಾರು ಅಂತ ಗುರುತು ಹಿಡಿಯೋಕಾಗದೆ ಅವನ ಕೊರಳಿಗೆ ಮಾಲೆ ಹಾಕಿಸಿದವನು ನೀನು, ಮುಖವೇ ಗೊತ್ತಾಗದವನಿಗೆ ನನ್ನ ತಪ್ಪು ಮಾತ್ರ ಹೇಗೆ ಗೊತ್ತಾಯ್ತು?" ರಾಮನ ಅರ್ಥ ಹೇಳ್ತಿದ್ದ ಹುಡುಗಿ ಕಣ್ ಕಣ್ ಬಿಟ್ಳು. ಅವಳ ಪಾಠದಲ್ಲಿ ಇದಕ್ಕೆ ಉತ್ತರ ಇಲ್ವಲ್ಲ. ಆದ್ರೂ ಅಂದ್ಳು, "ಗುರುತು ಸಿಗ್ಲಿಲ್ಲ ಅಂತಾನೇ ಮೊದಲ ಸಲ ಬಾಣ ಬಿಡ್ಲಿಲ್ಲ, ಸುಗ್ರೀವ ಏಟು ತಿಂತಿದ್ರೂ ಕೈ ತಡೆದುಕೊಂಡೆ." ಇಡೀ ಸಭೆ ಚಪ್ಪಾಳೆ ಹೊಡೀತು. ತೀರ್ಪುಗಾರರು ಮಾತ್ರ ಕೊಟ್ಟ ಪಾಠ ಬಿಟ್ಟು ಹೋದ್ರು ಅಂತ ಇಬ್ಬರಿಗೂ ಮಾರ್ಕ್ಸ್ ಕಟ್ ಮಾಡಿದ್ರು!

ಇದು ಅನ್ಯಾಯ ಸಾರ್. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟಿರೋದು ಅಂದ್ರೆ ಪ್ರಸಂಗದ ಪದ್ಯಗಳು ಮಾತ್ರ, ಮಾತೆಲ್ಲ ಎದುರಿನವರು ಏನು ಹೇಳ್ತಾರೆ ಅನ್ನೋದರ ಮೇಲೆ ಅಲ್ಲೇ ಹುಟ್ಟಬೇಕು. ವಾದದಲ್ಲಿ ವಾಲಿ ಗೆದ್ದೂ ಬಿಡಬಹುದು, ಆದ್ರೆ ಪದ್ಯದ ಪ್ರಕಾರ ಅವನು ಸಾಯಲೇಬೇಕು, ಅಷ್ಟರೊಳಗೆ ಎಷ್ಟು ಬೇಕಾದ್ರೂ ಹೊರಳಾಡೋ ಜಾಗ ಇದೆ. ವೇಷ ಕಟ್ಟಿ ಕುಣಿಯೋ ಬಯಲಾಟದಲ್ಲೂ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ವೇಷ ರೆಡಿ ಆಗಿಲ್ಲ ಅಂದ್ರೆ ಪದ್ಯ ಹಾಡೋ ಭಾಗವತರು ಪದ ಎಳೆದು, ಚೆಂಡೆಯವ್ರು ಕೈಜೋಡಿಸಿ ಆಟ ನಿಲ್ಲದ ಹಾಗೆ ನೋಡ್ಕೊಳ್ತಾರೆ, ಅದನ್ನ ಯಾರಾದ್ರೂ ತಪ್ಪು ಅಂತಾರಾ?

ತಾಳಮದ್ದಳೆಯ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ಅರ್ಥ ಈಗ ಯೂಟ್ಯೂಬಲ್ಲೇ ಸಿಗುತ್ತೆ, ಮಕ್ಕಳು ಖಂಡಿತ ಕೇಳ್ಲಿ. ಆದ್ರೆ ಅದನ್ನ ಹಾಗ್ಹಾಗೇ ಒಪ್ಪಿಸೋದು ಕಲಿಕೆ ಅಲ್ಲ, ಆ ಮಾತುಗಳು ಆವತ್ತು ಎದುರಿಗೆ ಕೂತವರ ಪ್ರಶ್ನೆಗೆ ಹುಟ್ಟಿದ್ದು.

ಹಾಗಾಗಿ ಸ್ಪರ್ಧೆ ನಡೆಸೋರಲ್ಲಿ ನನ್ನ ವಿನಂತಿ, ಮಕ್ಕಳಿಗೆ ಪದ್ಯ ಕೊಡಿ, ಕಥೆ ಚೆನ್ನಾಗಿ ಹೇಳಿಕೊಡಿ, ಬರೆದ ಅರ್ಥ ಕೊಡ್ಬೇಡಿ, ಎದುರಿನವರ ಮಾತಿಗೆ ಹೇಗೆ ಉತ್ತರ ಕೊಟ್ರು ಅನ್ನೋದಕ್ಕೇ ಬೇರೆ ಮಾರ್ಕ್ಸ್ ಇಡಿ. ಮಕ್ಕಳು ಮಧ್ಯದಲ್ಲಿ ನಿಂತ್ರೆ ಏನು ಗತಿ ಅಂತ ಟೀಚರ್‌ಗಳು ಹೆದರ್ತಾರೆ. ಹೆದರೋದೇ ಬೇಡ, ಪಕ್ಕದಲ್ಲಿ ಭಾಗವತರು ಇರ್ತಾರಲ್ಲ, ಮಾತು ಸಿಕ್ಕಿಹಾಕ್ಕೊಂಡ್ರೆ ಅವರು ಮುಂದಿನ ಪದ್ಯ ಎತ್ತುತ್ತಾರೆ.

- ಒಬ್ಬ ತಾಳಮದ್ದಳೆ ಪ್ರೇಮಿ, ಕುಂದಾಪುರ