ಟೆಲಿಹ್ಯಾಂಡ್ಲರ್: ಎಷ್ಟು ಟನ್ ಎಂದು ಕೇಳಿದರೆ ಸಾಲದು

ಮಾನ್ಯರೇ,

ಅಪಾರ್ಟ್‌ಮೆಂಟ್, ಗೋದಾಮು, ಕಾರ್ಖಾನೆ ಕಟ್ಟುವ ಸೈಟುಗಳಲ್ಲಿ ಈಗ ಟೆಲಿಹ್ಯಾಂಡ್ಲರ್ (ಚಾಚುವ ಉದ್ದ ತೋಳಿನಿಂದ ಹೊರೆ ಎತ್ತಿಡುವ ಯಂತ್ರ) ಬಳಕೆ ಹೆಚ್ಚಿದೆ. ಬಾಡಿಗೆಗೆ ತರಿಸುವವರು ಸಾಮಾನ್ಯವಾಗಿ ಕೇಳುವುದು ‘ಎಷ್ಟು ಟನ್ ಎತ್ತುತ್ತದೆ?’ ಎಂದಷ್ಟೇ. ಎಷ್ಟು ದೂರಕ್ಕೆ ಚಾಚಿದಾಗ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಯಂತ್ರ ಮುಗ್ಗರಿಸುವುದು ಇಲ್ಲೇ.

ಗೋದಾಮಿನ ಫೋರ್ಕ್‌ಲಿಫ್ಟ್ ಹೊರೆಯನ್ನು ನೆಟ್ಟಗೆ ಮೇಲಕ್ಕೆತ್ತುತ್ತದೆ. ಟೆಲಿಹ್ಯಾಂಡ್ಲರ್‌ನ ಬೂಮ್‌ಗೆ (ಚಾಚುವ ತೋಳಿಗೆ) ಯಂತ್ರದ ಹಿಂಭಾಗದಲ್ಲಿ ಕೀಲು. ಒಂದು ಹೈಡ್ರಾಲಿಕ್ ಸಿಲಿಂಡರ್ ಅದನ್ನು ಎತ್ತಿದರೆ, ಮತ್ತೊಂದು ಒಳಗಿನ ಭಾಗವನ್ನು ಹೊರಚಾಚುತ್ತದೆ, ತುದಿಯ ಸಿಲಿಂಡರ್ ಹೊರೆ ಹೊರುವ ಫೋರ್ಕನ್ನು ಬಾಗಿಸುತ್ತದೆ. ಪಾಯದ ಗುಂಡಿಯಾಚೆಗೆ, ಮಹಡಿಯ ಸ್ಲ್ಯಾಬ್ ಮೇಲಕ್ಕೆ ಪ್ಯಾಲೆಟ್ (ಸರಕು ಪೇರಿಸಿದ ಹಲಗೆಯ ಅಟ್ಟಣೆ) ಇಡಲು ಇದು ಅನುಕೂಲ. ಫೋರ್ಕ್ ಬಿಚ್ಚಿ ಬಕೆಟ್ ಅಥವಾ ಕೊಕ್ಕೆಯನ್ನೂ ಹಾಕಬಹುದು.

ಹೊರೆ ಎತ್ತಿದಾಗ ಮುಂದಿನ ಚಕ್ರಗಳೇ ಆನಿಕೆ. ಅಲ್ಲಿಂದ 2 ಮೀಟರ್ ದೂರದ 1 ಟನ್ 6 ಮೀಟರಿಗೆ ಹೋದರೆ ಯಂತ್ರವನ್ನು ಮುಂದಕ್ಕೆ ಮಗುಚುವ ಬಲ ಮೂರು ಪಟ್ಟಾಗುತ್ತದೆ. ಬೂಮ್‌ನ ಸ್ವಂತ ತೂಕ ಮುಂದೆ ಸರಿಯುವುದು ಇದಕ್ಕೆ ಸೇರಿಲ್ಲ. 3 ಟನ್ ಎತ್ತುವ ಹಲವು ಮಾದರಿಗಳು ಪೂರ್ತಿ ಚಾಚಿದಾಗ 1 ಟನ್ ಕೂಡ ತಾಳಲಾರವು. 8 ಇಂಚಿನ 40 ಸಾಲಿಡ್ ಬ್ಲಾಕ್ ಪೇರಿಸಿದ ಪ್ಯಾಲೆಟ್ಟೇ ಸುಮಾರು 1.3 ಟನ್ ತೂಗುತ್ತದೆ.

ಹೆಚ್ಚಿನವರಿಗೆ ಹೊಳೆಯದ ಅಪಾಯ ಬೂಮ್ ಇಳಿಸುವಾಗಿನದು. 12 ಮೀಟರ್ ಚಾಚಿದ ಬೂಮ್ 60 ಡಿಗ್ರಿಯಲ್ಲಿದ್ದಾಗ ಅದರ ತುದಿ ಕೀಲಿನಿಂದ ಅಡ್ಡಲಾಗಿ 6 ಮೀಟರ್ ಮುಂದಿರುತ್ತದೆ. ಹಾಗೆಯೇ 30 ಡಿಗ್ರಿಗೆ ಇಳಿಸಿದರೆ 10.4 ಮೀಟರ್! ಹೊರೆ ಕೆಳಗೆ ಬರುತ್ತಿದೆ ಎಂದು ಆಪರೇಟರ್ ನಿರಾಳವಾಗಿರುತ್ತಾರೆ, ಹಿಂದಿನ ಚಕ್ರ ಮಾತ್ರ ನೆಲ ಬಿಡುತ್ತಿರುತ್ತದೆ. ಆದ್ದರಿಂದ ಮೊದಲು ಬೂಮ್ ಒಳಕ್ಕೆಳೆಯಬೇಕು, ಆಮೇಲೆ ಇಳಿಸಬೇಕು. ಭಾರ ಮಿತಿ ಮೀರಿದಾಗ ಹೊಸ ಯಂತ್ರಗಳು ಬೀಪ್ ಹೊಡೆದು, ಚಾಚುವುದನ್ನೂ ಇಳಿಸುವುದನ್ನೂ ತಡೆಯುತ್ತವೆ. ಕೆಲಸ ನಿಲ್ಲುತ್ತದೆಂದು, ಈ ತಡೆಯನ್ನು ಕೆಲಸ ಮಾಡದಂತೆ ಮಾಡುವ ಬೈಪಾಸ್ ಕೀ ತಿರುಗಿಸಿಡುವ ಸೈಟುಗಳಿವೆ. ಇದು ಅಕ್ಷಮ್ಯ.

ಆ ವ್ಯವಸ್ಥೆ ಮುಖ್ಯವಾಗಿ ಗಮನಿಸುವುದು ಮುಂದಕ್ಕೆ ಮಗುಚುವುದನ್ನು. ಪಕ್ಕಕ್ಕೆ ಉರುಳುವುದನ್ನು ಅದು ತಡೆಯುತ್ತದೆಂದು ನಂಬಬಾರದು. ಯಂತ್ರ 3 ಡಿಗ್ರಿ ವಾಲಿದ್ದರೆ 10 ಮೀಟರ್ ಮೇಲಿನ ಹೊರೆ ಅರ್ಧ ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ವಾಲುತ್ತದೆ. ಕ್ಯಾಬಿನ್ನಿನಲ್ಲಿ ಮಟ್ಟ ತೋರಿಸುವ ಗುಳ್ಳೆ ನಡುವಿಗೆ ಬಂದ ಮೇಲೆಯೇ ಬೂಮ್ ಎತ್ತಬೇಕು. ಈಚೆಗೆ ತುಂಬಿಸಿದ ಮಣ್ಣಿನ ಮೇಲೆ ಸ್ಟೆಬಿಲೈಸರ್ (ಯಂತ್ರಕ್ಕೆ ಆಸರೆಯಾಗುವ ಊರುಗಾಲು) ಊರುವುದಾದರೆ ಅಡಿಗೆ ದಪ್ಪ ಹಲಗೆ ಬೇಕೇಬೇಕು. ಬೂಮ್ ಎತ್ತಿಕೊಂಡೇ ಯಂತ್ರ ಓಡಿಸಕೂಡದು. ಫೋರ್ಕ್ ಮೇಲೆ ಜನರನ್ನು ನಿಲ್ಲಿಸಿ ಎತ್ತುವುದಂತೂ ತಕ್ಷಣ ನಿಲ್ಲಬೇಕು.

ಎಷ್ಟು ದೂರ, ಎಷ್ಟು ಎತ್ತರಕ್ಕೆ ಎಷ್ಟು ಭಾರ ಎಂಬ ಲೋಡ್ ಚಾರ್ಟ್ ಕ್ಯಾಬಿನ್ನಿನಲ್ಲೇ ಇರುತ್ತದೆ, ಆದರೆ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಯಂತ್ರ ಬಾಡಿಗೆಗೆ ಕೊಡುವವರು ಅದನ್ನು ಕನ್ನಡದಲ್ಲೂ, ಹೊರರಾಜ್ಯದ ಆಪರೇಟರ್‌ಗಳಿಗಾಗಿ ಹಿಂದಿಯಲ್ಲೂ ಅಂಟಿಸಲಿ. ಬೈಪಾಸ್ ಕೀ ಆಪರೇಟರ್ ಬಳಿಯಲ್ಲ, ಸೈಟಿನ ಸುರಕ್ಷತಾ ಅಧಿಕಾರಿಯ ಬಳಿ ಇರಲಿ. ಗುತ್ತಿಗೆದಾರರು ಬಾಡಿಗೆ ಮಾತಾಡುವಾಗಲೇ ಹೊರೆಯ ತೂಕ, ಇಡಬೇಕಾದ ಎತ್ತರ, ಚಕ್ರದಿಂದ ಅಲ್ಲಿಗಿರುವ ದೂರ ಮೂರನ್ನೂ ಬರೆದು ಕೊಡಲಿ.

– ನಿರ್ಮಾಣ ಯಂತ್ರಗಳ ನಿರ್ವಹಣಾ ತಂತ್ರಜ್ಞರು, ಬೆಂಗಳೂರು