ಭಾನುವಾರದ ತಿಂಡಿ: ಈ ಸಲ ಹಾಲು, ಬೆಣ್ಣೆ ಬೇಡ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ಟೆರೇಸ್‌ನಲ್ಲಿ ಸೇರುತ್ತಿದ್ದೇವೆ, ನೆನಪಿದೆ ಅಲ್ವಾ? ಈ ಸಲ ಎಲ್ಲ ತಿಂಡಿಯೂ ವೀಗನ್ ಇರಲಿ. 2ನೇ ಮಹಡಿಗೆ ಹೊಸದಾಗಿ ಬಂದಿರುವವರು ಹಾಲಿನ ಪದಾರ್ಥ ಮುಟ್ಟುವುದಿಲ್ಲ. ಹೋದ ಸಲ ಅವರು ಬರೀ ಬಾಳೆಹಣ್ಣು ತಿಂದು ಹೋದರು. ನನಗೆ ತುಂಬಾ ಬೇಜಾರಾಯಿತು.

ಹಾಲು, ಮೊಸರು, ಬೆಣ್ಣೆ, ತುಪ್ಪ, ಮೊಟ್ಟೆ, ಜೇನುತುಪ್ಪ ಯಾವುದೂ ಬೇಡ. ಅಂಗಡಿಯಿಂದ ತರುವವರು ಪ್ಯಾಕೆಟ್ ಹಿಂದೆ ಓದಿ. ಹಸಿರು ಚುಕ್ಕಿ ಇದ್ದರೆ ಸಾಲದು, ಅಂಥದ್ದರಲ್ಲೂ ಹಾಲಿನ ಪುಡಿ ಇರಬಹುದು.

ಓವನ್ ಇರುವವರು ಖಾರ ಬಿಸ್ಕತ್ತು ಮಾಡಿ, ಅರ್ಧ ಗಂಟೆಯ ಕೆಲಸ. 1 ಕಪ್ ಮೈದಾ, ಕಾಲು ಕಪ್ ಎಣ್ಣೆ, ಅರ್ಧ ಚಮಚ ಬೇಕಿಂಗ್ ಪೌಡರ್, 1 ಚಮಚ ಸಕ್ಕರೆ, ಉಪ್ಪು. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸಣ್ಣಗೆ ಹೆಚ್ಚಿ ಹಾಕಿ. ಎರಡು ಮೂರು ಚಮಚ ನೀರು ಸಾಕು. ಜಾಸ್ತಿ ನಾದಬೇಡಿ, ಗಟ್ಟಿಯಾಗುತ್ತದೆ. ಲಟ್ಟಿಸಿ, ಲೋಟದ ಬಾಯಿಂದ ಕತ್ತರಿಸಿ, ಫೋರ್ಕಿನಿಂದ ಚುಚ್ಚಿ. 180 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಅಂಚು ಕೆಂಪಗಾದಾಗ ತೆಗೆಯಿರಿ. ಬಿಸಿಯಲ್ಲಿ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ. ಕರಿಬೇವಿನ ವಾಸನೆಗೆ ನಮ್ಮ ಅಯ್ಯಂಗಾರ್ ಬೇಕರಿಯೇ ನೆನಪಾಗುತ್ತದೆ!

ಓವನ್ ಇಲ್ಲದವರು ಹಣ್ಣು ಅಥವಾ ಹಾಲಿಲ್ಲದ ಶುಂಠಿ ಕಷಾಯ ತನ್ನಿ. ಕಡಲೆಕಾಯಿ, ಗೋಡಂಬಿ ಹಾಕಿದ್ದರೆ ಡಬ್ಬದ ಮೇಲೆ ಬರೆಯಿರಿ, ಅಲರ್ಜಿ ಇರುವ ಮಕ್ಕಳಿದ್ದಾರೆ.

ಯಾರು ಏನು ತರುತ್ತೀರಿ, ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ತಟ್ಟೆ, ಲೋಟ ಮನೆಯಿಂದಲೇ ತನ್ನಿ.